ಅಗಸೆ ಬಾಗಿಲು ಮತ್ತು ಒಂಟಿ ನಡಿಗೆ

1728ರ ಮಾರ್ಚ್ 14, ಭಾನುವಾರ. ಕೆತ್ತನೆ ಕೆಲಸದವನೊಬ್ಬನ ಬಳಿ ಕೆಲಸ ಕಲಿಯುತ್ತಿದ್ದ ಹದಿನೈದು ವರ್ಷದ ಹುಡುಗ ಗೆಳೆಯರ ಜೊತೆ ಜಿನೀವಾ ಊರಿನ ಹೊರಗೆ ಅಡ್ಡಾಡಲು ಹೋಗಿದ್ದ. ವಾರಕ್ಕೆ ಸಿಗುತ್ತಿದ್ದದ್ದು ಅದೊಂದೇ ಬಿಡುವಿನ ದಿನ. ಸಂಜೆ ಕೋಟೆ ಬಾಗಿಲು ಮುಚ್ಚುವ ಸೂಚನೆ ಕಿವಿಗೆ ಬಿದ್ದಾಗ ಅವರು ಇನ್ನೂ ದೂರದಲ್ಲಿದ್ದರು. ಓಡೋಡಿ ಬರುವಷ್ಟರಲ್ಲಿ ಕಂದಕದ ಮೇಲಿನ ತೂಗುಸೇತುವೆ ಮೇಲೇಳುತ್ತಿತ್ತು. ಹೀಗೆ ಹೊರಗೆ ಉಳಿದದ್ದು ಅದೇ ಮೊದಲಲ್ಲ. ಎರಡು ಸಲ ಆಗಿತ್ತು, ಮೂರನೆಯ ಸಲ ಆದರೆ ಏನು ಕಾದಿದೆ ಎಂಬುದನ್ನು ಧಣಿ ಮೊದಲೇ ಹೇಳಿಟ್ಟಿದ್ದ. ಬೆಳಿಗ್ಗೆ ಬಾಗಿಲು ತೆರೆದಾಗ ಗೆಳೆಯರು ಒಳಗೆ ಹೋದರು. ಹುಡುಗ ಹೋಗಲಿಲ್ಲ. ಊರಿಗೆ ಬೆನ್ನು ಹಾಕಿ ನಡೆದುಬಿಟ್ಟ. ಅವನೇ ಜಾನ್ ಜಾಕ್ ರೂಸೋ.

ಒಂದು ಭಾನುವಾರದ ನಡಿಗೆ ಸ್ವಲ್ಪ ಉದ್ದವಾದದ್ದಕ್ಕೆ ಒಬ್ಬ ಹುಡುಗನ ಬದುಕಿನ ದಿಕ್ಕೇ ಬದಲಾಯಿತು. ಇಂದು ಜಿನೀವಾಕ್ಕೆ ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಬಂದಿಳಿದರೂ ಯಾರೂ ಕೇಳುವುದಿಲ್ಲ. ಬೆನ್ನಿಗೊಂದು ಚೀಲ, ಕಾಲಿಗೆ ಒಳ್ಳೆಯ ಬೂಟು, ಕೈಯಲ್ಲೊಂದು ಫೋನು. ಶನಿವಾರ, ಭಾನುವಾರ ಒಬ್ಬರೇ ಒಂದು ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿ ಸೋಮವಾರ ಕೆಲಸಕ್ಕೆ ಹಾಜರಾಗುವುದು ಯುರೋಪಿನಲ್ಲಿ ಈಗ ತೀರಾ ಸಾಮಾನ್ಯ ಸಂಗತಿ. ಅಲ್ಲಿ ಓದಲು, ದುಡಿಯಲು ಹೋಗಿರುವ ಕನ್ನಡದ ಮನೆಗಳ ಹುಡುಗ ಹುಡುಗಿಯರೂ ಪ್ರಾಗ್, ಲಿಸ್ಬನ್, ವಿಯೆನ್ನಾಗಳನ್ನು ಹೀಗೆಯೇ ನೋಡಿ ಬರುತ್ತಾರೆ. ಜೊತೆಗಾರರಿಲ್ಲ, ಗೈಡ್ ಇಲ್ಲ, ಗುರುತಿನವರಿಲ್ಲ. ನೋಡಲು ಇದಕ್ಕಿಂತ ಸರಳವಾದ ಪ್ರವಾಸ ಇನ್ನೊಂದಿಲ್ಲ. ಆದರೆ ಈ ಸರಳತೆ ತಾನಾಗಿ ಬಂದದ್ದಲ್ಲ. ಒಂಟಿಯಾಗಿ ನಡೆದುಬರುವ ಅಪರಿಚಿತರನ್ನು ಅನುಮಾನಿಸುವುದನ್ನು ಒಂದು ಊರು ಬಿಡಬೇಕಾದರೆ ಶತಮಾನಗಳೇ ಬೇಕಾದವು. ಅದಕ್ಕೆ ನೆರವಾದ ಹೆಚ್ಚಿನ ಏರ್ಪಾಡುಗಳನ್ನು ನಡೆಯುವವರಿಗಾಗಿ ಯಾರೂ ಮಾಡಿದ್ದೂ ಅಲ್ಲ.

ಹೊರಗಿನವನೆಂದರೆ ಅನುಮಾನ

ಹಳೆಯ ಯುರೋಪಿನ ಊರುಗಳಿಗೆ ಗೋಡೆ ಇತ್ತು, ಅಗಸೆ ಬಾಗಿಲಿತ್ತು, ಬಾಗಿಲಿಗೆ ಹೊತ್ತೂ ಇತ್ತು. ಇಂಗ್ಲೆಂಡಿನಲ್ಲಿ ಒಂದನೆಯ ಎಡ್ವರ್ಡ್ ದೊರೆ 1285ರಲ್ಲಿ ಹೊರಡಿಸಿದ ವಿಂಚೆಸ್ಟರ್ ಶಾಸನ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿತು. ಗೋಡೆಯಿರುವ ಪಟ್ಟಣಗಳ ಬಾಗಿಲನ್ನು ಸೂರ್ಯ ಮುಳುಗಿದಾಗಿನಿಂದ ಹುಟ್ಟುವವರೆಗೆ ಮುಚ್ಚಿರಬೇಕು. ಊರಂಚಿನಲ್ಲಿ ಪರಸ್ಥಳದವರನ್ನು ಇಳಿಸಿಕೊಂಡರೆ ಅವರ ನಡತೆಗೆ ಮನೆಯೊಡೆಯನೇ ಹೊಣೆ. ಇರುಳಲ್ಲಿ ಅಪರಿಚಿತ ಯಾರಾದರೂ ಕಂಡರೆ ಕಾವಲಿನವರು ಹಿಡಿದು ಬೆಳಗಿನವರೆಗೆ ಇಟ್ಟುಕೊಳ್ಳಬೇಕು, ಅನುಮಾನಕ್ಕೆ ಕಾರಣ ಕಾಣದಿದ್ದರೆ ಮಾತ್ರ ಬಿಡಬೇಕು. ಅಂದರೆ ಕತ್ತಲಲ್ಲಿ ಒಬ್ಬನೇ ನಡೆಯುವುದೇ ಹಿಡಿಯಲು ಸಾಕಾದ ಕಾರಣ. ಕರ್ಫ್ಯೂ ಎಂಬ ಮಾತು ಹುಟ್ಟಿದ್ದೂ ಇಂಥ ಊರುಗಳಲ್ಲೇ. ಫ್ರೆಂಚಿನಲ್ಲಿ ಅದರ ಮೂಲ ಅರ್ಥ ಬೆಂಕಿ ಮುಚ್ಚುವುದು. ಸಂಜೆ ಗಂಟೆ ಬಾರಿಸಿದರೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಎಲ್ಲರೂ ಮನೆಯೊಳಗೆ ಇರಬೇಕಿತ್ತು.

ವಿಚಿತ್ರವೆಂದರೆ, ಹೊರಗಿನವರನ್ನು ತಡೆಯಲು ಕಟ್ಟಿದ ಆ ಗೋಡೆಗಳೇ ಇಂದು ಹೊರಗಿನವರಿಗೆ ದೊಡ್ಡ ಉಪಕಾರ ಮಾಡಿವೆ. ಗೋಡೆ ಇದ್ದಷ್ಟು ಕಾಲ ಊರು ಬೆಳೆಯಲು ಜಾಗವಿರಲಿಲ್ಲ. ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತವು, ಬೀದಿಗಳು ಕಿರಿದಾಗಿಯೇ ಉಳಿದವು. ವಿಯೆನ್ನಾದ ಹಳೆಯ ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆಯೊಳಗೆ ದಾಟಿಬಿಡಬಹುದು. 1683ರಲ್ಲಿ ಆಟೊಮನ್ ಸೇನೆಯ ಮುತ್ತಿಗೆಯನ್ನು ತಡೆದಿದ್ದ ಆ ಊರಿನ ಕೋಟೆಗೋಡೆಯನ್ನು ಕೆಡವಲು ಚಕ್ರವರ್ತಿ ಫ್ರಾಂಜ್ ಜೋಸೆಫ್ 1857ರಲ್ಲಿ ಆಜ್ಞೆ ಕೊಟ್ಟ. ಗೋಡೆ ಮತ್ತು ಅದರ ಮುಂದಿನ ಬಯಲಿದ್ದ ಜಾಗದಲ್ಲಿ ರಿಂಗ್‌ಸ್ಟ್ರಾಸೆ ಎಂಬ ಅಗಲವಾದ ವರ್ತುಲ ಬೀದಿ ಎದ್ದಿತು, 1865ರ ಮೇ 1ರಂದು ಅದರ ಉದ್ಘಾಟನೆಯಾಯಿತು. ಪೋಲೆಂಡಿನ ಕ್ರಾಕೊವ್‌ನಲ್ಲಿ ಗೋಡೆ ಇದ್ದ ಜಾಗ ಊರಿಗೆ ಉಂಗುರ ತೊಡಿಸಿದಂಥ ಉದ್ಯಾನವಾಯಿತು. ಇಟಲಿಯ ಲುಕ್ಕಾದಲ್ಲಿ ಗೋಡೆಯನ್ನು ಕೆಡವಲೇ ಇಲ್ಲ. ಅದರ ನೆತ್ತಿಯ ಮೇಲೆಯೇ ಸುಮಾರು 4 ಕಿಲೋಮೀಟರ್ ನಡೆದು ಊರನ್ನು ಸುತ್ತು ಹಾಕಬಹುದು. ರೂಸೋನನ್ನು ಹೊರಗೆ ಬಿಟ್ಟ ಜಿನೀವಾದ ಕೋಟೆಗೋಡೆ 1849ರ ನಂತರ ಒಂದೊಂದಾಗಿ ಉರುಳಿತು.

ದೀವಟಿಗೆಯಿಂದ ಬೀದಿದೀಪಕ್ಕೆ

ಗೋಡೆ ಬೀಳುವ ಮೊದಲೇ ಇರುಳು ಸ್ವಲ್ಪ ಸಡಿಲವಾಗತೊಡಗಿತ್ತು. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಕತ್ತಲಾದ ಮೇಲೆ ಹೊರಬಿದ್ದವರು ದೀವಟಿಗೆ ಹಿಡಿದ ಹುಡುಗರಿಗೆ ಪುಡಿಗಾಸು ಕೊಟ್ಟು ಮುಂದೆ ನಡೆಸಿಕೊಳ್ಳುತ್ತಿದ್ದರು. ಅದರಲ್ಲೂ ಭಯ ತಪ್ಪಿದ್ದಲ್ಲ. ದೀವಟಿಗೆಯವನೇ ಕಳ್ಳರ ಜೊತೆಗಾರನಾಗಿದ್ದು ಕತ್ತಲೆ ಓಣಿಗೆ ಕರೆದೊಯ್ದಾನು ಎಂಬ ಶಂಕೆ ಜನರಲ್ಲಿತ್ತು. ಬೆಳಕು ಅಂದರೆ ಹಣವಿದ್ದವನು ಬಾಡಿಗೆಗೆ ಪಡೆಯುವ ವಸ್ತು. ಹಣವಿಲ್ಲದವನು ಮನೆಯಲ್ಲಿರಬೇಕು, ಇಲ್ಲವೇ ಗೋಡೆ ಸವರಿಕೊಂಡು ನಡೆಯಬೇಕು.

ಪ್ಯಾರಿಸ್ಸಿನಲ್ಲಿ 1667ರಲ್ಲಿ ಇದು ಬದಲಾಯಿತು. ಹದಿನಾಲ್ಕನೆಯ ಲೂಯಿ ಆ ವರ್ಷ ನಗರಕ್ಕೊಬ್ಬ ಪೊಲೀಸ್ ಅಧಿಕಾರಿಯ ಹುದ್ದೆಯನ್ನು ಸೃಷ್ಟಿಸಿ ಲಾ ರೇನಿ ಎಂಬಾತನನ್ನು ನೇಮಿಸಿದ. ಲಾ ರೇನಿ ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಮೇಣದ ಬತ್ತಿಯ ಲಾಂದ್ರಗಳನ್ನು ತೂಗುಹಾಕಿಸುವುದೂ ಒಂದು. ಖರ್ಚಿಗೆಂದು ಮನೆ ಮಾಲೀಕರಿಂದ ವಸೂಲಿ ಮಾಡಿದ ತೆರಿಗೆಗೆ ಕೆಸರು ಮತ್ತು ಲಾಂದ್ರದ ತೆರಿಗೆ ಎಂದೇ ಹೆಸರು. ಎರಡು ವರ್ಷದ ನಂತರ ಆಮ್‌ಸ್ಟರ್‌ಡ್ಯಾಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಊರಿನ ಬೀದಿಗಳನ್ನು ಚಿತ್ರಿಸುವುದರಲ್ಲಿ ಹೆಸರಾಗಿದ್ದ ಕಲಾವಿದ ಯಾನ್ ವಾನ್ ಡೆರ್ ಹೇಡನ್ ಗಾಳಿಗೆ ಆರದ ಎಣ್ಣೆದೀಪವೊಂದನ್ನು ರೂಪಿಸಿದ. ದೀಪಗಳ ನಡುವೆ ಎಷ್ಟು ಅಂತರವಿರಬೇಕು, ಯಾವ ಹೊತ್ತಿಗೆ ಹಚ್ಚಬೇಕು ಎಂಬುದನ್ನೂ ಲೆಕ್ಕ ಹಾಕಿಕೊಟ್ಟ. ಊರು 1669ರಲ್ಲಿ ಅದನ್ನು ಒಪ್ಪಿಕೊಂಡಿತು.

ಪ್ಯಾರಿಸ್ಸಿನ ಲಾಂದ್ರವನ್ನು ತೂಗುಹಾಕಿದ್ದು ದಾರಿಹೋಕರ ಸಂತೋಷಕ್ಕಲ್ಲ, ಪೊಲೀಸರ ಕಣ್ಣಿಗೆ ಎಲ್ಲ ಕಾಣಲಿ ಎಂದು. ಆದರೆ ಬೆಳಕಿಗೆ ಭೇದವಿಲ್ಲ. ಕಾವಲಿನವನಿಗೆ ಕಳ್ಳ ಕಂಡಂತೆ ಪರಸ್ಥಳದವನಿಗೆ ದಾರಿಯೂ ಕಂಡಿತು.

ಹಾಗೆಂದು ಇರುಳು ಎಲ್ಲರಿಗೂ ತೆರೆಯಲಿಲ್ಲ. ವೆನಿಸ್‌ನ ಆಡಳಿತ 1516ರಲ್ಲಿ ಯಹೂದಿಗಳನ್ನೆಲ್ಲ ಒಂದು ದ್ವೀಪದಂಥ ಕೇರಿಗೆ ಸೇರಿಸಿತು. ಗೆಟ್ಟೊ ಎಂಬ ಪದ ಲೋಕಕ್ಕೆ ಬಂದದ್ದು ಆ ಕೇರಿಯಿಂದ. ಹಗಲು ಅವರು ಊರಲ್ಲಿ ಓಡಾಡಬಹುದು. ಕತ್ತಲಾದರೆ ಬಾಗಿಲಿಗೆ ಬೀಗ, ಸುತ್ತ ಕಾಲುವೆಯಲ್ಲಿ ದೋಣಿ ಕಾವಲು. ಆ ಕಾವಲಿನವರ ಸಂಬಳವನ್ನೂ ಒಳಗಿದ್ದವರೇ ಕೊಡಬೇಕು. 1797ರಲ್ಲಿ ನೆಪೋಲಿಯನ್ನನ ಸೇನೆ ಬಂದ ಮೇಲೆ ಆ ಬಾಗಿಲುಗಳನ್ನು ಕಿತ್ತು ಸುಟ್ಟರು. ಅಂದರೆ ಇನ್ನೂರ ಎಂಬತ್ತು ವರ್ಷ ವೆನಿಸ್‌ನ ಇರುಳಿನ ಚೆಲುವು ಅಲ್ಲೇ ಹುಟ್ಟಿ ಬೆಳೆದ ಕೆಲವರಿಗೆ ನಿಷಿದ್ಧವಾಗಿತ್ತು. ಇಂದು ಸಂಜೆ ಆ ಕೇರಿಯ ಸೇತುವೆ ದಾಟುವವರು ಕಲ್ಲಿನ ಬಾಗಿಲುವಾಡದಲ್ಲಿ ಹಳೆಯ ತಿರುಗಣಿಗಳಿದ್ದ ಗುರುತನ್ನು ಕಾಣಬಹುದು.

ಕಾಲಿಗೊಂದು ಜಾಗ, ಮನೆಗೊಂದು ನಂಬರು

ಬೆಳಕು ಬಂದರೂ ಕಾಲಿಡಲು ಜಾಗ ಬೇಕಲ್ಲ. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನ ಬೀದಿ ಸಾರೋಟುಗಳದ್ದು. ನಡೆಯುವವನು ಗೋಡೆಗೆ ಅಂಟಿಕೊಳ್ಳಬೇಕು, ನಡುಬೀದಿಯ ಚರಂಡಿಯ ಕೆಸರನ್ನು ಮೈಗೆ ಸಿಡಿಸಿಕೊಳ್ಳಬೇಕು, ಕುದುರೆ ಬಂದರೆ ಹಾರಬೇಕು. ಪ್ಯಾರಿಸ್ಸಿನ ದಿನನಿತ್ಯದ ಬದುಕನ್ನು ಸಂಪುಟ ಸಂಪುಟವಾಗಿ ಬರೆದ ಲೂಯಿ ಸೆಬಾಸ್ಟಿಯನ್ ಮೆರ್ಸಿಯೆ 1780ರ ದಶಕದಲ್ಲಿ ಇದನ್ನೇ ಮತ್ತೆ ಮತ್ತೆ ದೂರಿದ. ಶ್ರೀಮಂತರ ಗಾಲಿಗಳಡಿ ಕಾಲ್ನಡಿಗೆಯವರು ಸಾಯುತ್ತಿದ್ದಾರೆ, ಊರಿಗೆ ಫುಟ್‌ಪಾತ್ ಬೇಕು ಎನ್ನುವುದು ಅವನ ವಾದ. ಅದಕ್ಕೂ ಮೊದಲೇ, 1776ರ ಅಕ್ಟೋಬರ್ 24ರಂದು, ಪ್ಯಾರಿಸ್ಸಿನ ಅಂಚಿನ ಮೆನಿಲ್‌ಮೊಂತಾನಲ್ಲಿ ಮುದುಕನೊಬ್ಬ ಒಬ್ಬನೇ ನಡೆದುಬರುತ್ತಿದ್ದ. ಸಾರೋಟಿನ ಮುಂದೆ ಓಡುತ್ತಿದ್ದ ದೊಡ್ಡ ನಾಯಿಯೊಂದು ಅವನಿಗೆ ಡಿಕ್ಕಿ ಹೊಡೆದು ಕೆಡವಿತು. ಪ್ರಜ್ಞೆ ಬಂದಾಗ ಮುಖವೆಲ್ಲ ರಕ್ತ. ಆ ಮುದುಕನೂ ರೂಸೋನೇ. ಈ ಘಟನೆಯನ್ನು ಅವನು ಬರೆದದ್ದು ತನ್ನ ಕೊನೆಯ ಪುಸ್ತಕದಲ್ಲಿ. ಆ ಪುಸ್ತಕದ ಹೆಸರಿನಲ್ಲೇ ಒಂಟಿ ನಡಿಗೆಯವನಿದ್ದಾನೆ.

ಪ್ಯಾರಿಸ್ಸಿಗೆ ಇದರ ಪರಿಹಾರ ಗೊತ್ತಿರಲಿಲ್ಲವೆಂದಲ್ಲ. ಸೇನ್ ನದಿಯ ಮೇಲೆ 1607ರಲ್ಲಿ ತೆರೆದ ಪೋನ್ ನಫ್ ಸೇತುವೆಯ ಎರಡೂ ಬದಿಗೆ ನಡೆಯುವವರಿಗೆಂದು ಎತ್ತರಿಸಿದ ಕಟ್ಟೆಯಿತ್ತು. ಅದರ ಮೇಲೆ ಮನೆಗಳನ್ನೂ ಕಟ್ಟಿರಲಿಲ್ಲ. ಹಾಗಾಗಿ ಜನ ನಿಂತು ನದಿಯನ್ನು ನೋಡಬಹುದಿತ್ತು. ಆದರೆ ಸೇತುವೆ ಇಳಿದರೆ ಮತ್ತೆ ಅದೇ ಕೆಸರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಭಾಗದಲ್ಲಿ 1762ರ ಕಾಯಿದೆ ಬರುವವರೆಗೆ ಮನೆಯ ಮುಂದಿನ ನೆಲಕ್ಕೆ ಕಲ್ಲು ಹಾಸುವುದು ಆಯಾ ಮನೆಯವರ ಪಾಲಿನ ಕೆಲಸವಾಗಿತ್ತು. ಒಬ್ಬ ಹಾಸಿದರೆ ಪಕ್ಕದವನು ಬಿಡುವ. ಒಂದು ಹೆಜ್ಜೆ ಎತ್ತರ, ಇನ್ನೊಂದು ಹೆಜ್ಜೆ ಹಳ್ಳ. ಕಾಯಿದೆ ಆ ಹೊಣೆಯನ್ನು ಸಾರ್ವಜನಿಕ ಮಂಡಳಿಗೆ ವಹಿಸಿತು. ಬೀದಿಯುದ್ದಕ್ಕೂ ಒಂದೇ ಸಮನಾದ ಕಲ್ಲುಹಾಸು ಸಾಧ್ಯವಾದದ್ದು ಆ ಬಳಿಕ.

ಇನ್ನು ಹುಡುಕುವ ತೊಂದರೆ. ಬೀದಿಯಲ್ಲಿ ಯಾರ ಮನೆ ಎಲ್ಲಿದೆ ಎಂದು ಆ ಬೀದಿಯವರಿಗೆ ಮಾತ್ರ ಗೊತ್ತು. ಅಂಗಡಿಗಳ ಮುಂದೆ ತೂಗುವ ಚಿತ್ರದ ಹಲಗೆಗಳೇ ಗುರುತು. ಹೊರಗಿನವನು ಹೆಜ್ಜೆಗೊಮ್ಮೆ ಕೇಳಬೇಕು, ಕೇಳಿದ ಕೂಡಲೇ ತಾನು ಹೊರಗಿನವನೆಂದು ತೋರಿಸಿಕೊಡಬೇಕು. ಆಸ್ಟ್ರಿಯಾದ ಮರಿಯಾ ತೆರೇಸಾ 1770ರಲ್ಲಿ ಮನೆ ಮನೆಗೆ ನಂಬರು ಬರೆಸಿದಳು. ಉದ್ದೇಶ ಸೈನ್ಯಕ್ಕೆ ಗಂಡಸರನ್ನು ಸೇರಿಸಿಕೊಳ್ಳುವುದು, ಯಾವ ಮನೆಯಲ್ಲಿ ಎಷ್ಟು ಗಂಡಸರಿದ್ದಾರೆಂಬ ಲೆಕ್ಕ. ವಿಯೆನ್ನಾದ ಅರಮನೆಗೇ ಒಂದನೆಯ ನಂಬರು. ಆದರೆ ಆ ನಂಬರು ಊರಿಗೆಲ್ಲ ಒಂದೇ ಸಾಲು. ಬೀದಿ ಬೀದಿಗೆ ಬೇರೆಯಲ್ಲ. ಹಾಗಾಗಿ ಹುಡುಕುವವನಿಗೆ ಅಷ್ಟೇನೂ ಪ್ರಯೋಜನವಾಗಲಿಲ್ಲ. ಪ್ಯಾರಿಸ್ಸಿಗೆ 1805ರಲ್ಲಿ ನೆಪೋಲಿಯನ್ನನ ಆಡಳಿತ ತಂದ ಪದ್ಧತಿ ಬೇರೆ ಬಗೆಯದು. ಬೀದಿಯ ಒಂದು ಬದಿಗೆ ಬೆಸ ಸಂಖ್ಯೆ, ಇನ್ನೊಂದು ಬದಿಗೆ ಸಮ ಸಂಖ್ಯೆ. ನದಿಗೆ ಅಡ್ಡಲಾಗಿರುವ ಬೀದಿಗಳಲ್ಲಿ ನದಿಯ ಕಡೆಯಿಂದ ಎಣಿಕೆ ಶುರು. ನದಿಯ ಜೊತೆ ಸಾಗುವ ಬೀದಿಗಳಲ್ಲಿ ನೀರು ಹರಿಯುವ ದಿಕ್ಕಿಗೆ ಎಣಿಕೆ. ಈ ಗುಟ್ಟು ಗೊತ್ತಿದ್ದರೆ ಸಾಕು, ಪ್ಯಾರಿಸ್ಸಿನಲ್ಲಿ ದಾರಿ ತಪ್ಪಿದವರು ಎರಡು ಬಾಗಿಲಿನ ನಂಬರು ನೋಡಿ ನದಿ ಯಾವ ಕಡೆ ಇದೆಯೆಂದು ಇಂದಿಗೂ ಹೇಳಬಹುದು. ಯಾರನ್ನೂ ಕೇಳಬೇಕಿಲ್ಲ.

ಕೈಯಲ್ಲೊಂದು ಕೆಂಪು ಪುಸ್ತಕ

ಊರು ಹೀಗೆ ಓದಬಲ್ಲಂತಾದ ಮೇಲೂ ಪರದೇಶದವರು ಒಬ್ಬರೇ ತಿರುಗುವುದು ರೂಢಿಯಲ್ಲಿರಲಿಲ್ಲ. ಗ್ರ್ಯಾಂಡ್ ಟೂರ್ ಎಂದು ಇಟಲಿಗೆ ಹೋಗುತ್ತಿದ್ದ ಇಂಗ್ಲಿಷ್ ಜಮೀನ್ದಾರರ ಮಕ್ಕಳ ಜೊತೆ ಪಾಠ ಹೇಳುವವನೊಬ್ಬ, ಆಳುಕಾಳು, ಊರು ಸೇರಿದ ಮೇಲೆ ಅಲ್ಲಿಯ ಬಾಡಿಗೆ ಮಾರ್ಗದರ್ಶಿ. ಎಲ್ಲಿ ಉಣ್ಣಬೇಕು, ಯಾವ ಚರ್ಚಿನ ಬಾಗಿಲು ಯಾರು ತೆಗೆಯುತ್ತಾರೆ, ಯಾರಿಗೆ ಎಷ್ಟು ಕೊಡಬೇಕು ಎಂಬುದೆಲ್ಲ ಅವನ ಕೈಯಲ್ಲಿ.

ಆ ಮಾರ್ಗದರ್ಶಿಯ ಹಂಗನ್ನು ತಪ್ಪಿಸಿದವನು ಜರ್ಮನಿಯ ಕೊಬ್ಲೆಂಜ್ ಊರಿನ ಪುಸ್ತಕ ವ್ಯಾಪಾರಿ ಕಾರ್ಲ್ ಬೇಡೆಕರ್. 1827ರಲ್ಲಿ ಅಂಗಡಿ ತೆರೆದವನು ರೈನ್ ನದಿಯ ಪ್ರವಾಸದ ಪುಸ್ತಕವೊಂದನ್ನು ತಿದ್ದಿ ಬೆಳೆಸುತ್ತ ಹೊಸ ಬಗೆಯ ಕೈಪಿಡಿಯನ್ನೇ ಹುಟ್ಟುಹಾಕಿದ. ಇಂಗ್ಲೆಂಡಿನಲ್ಲಿ ಜಾನ್ ಮರ್ರೆ 1830ರ ದಶಕದಲ್ಲಿ ಇಂಥ ಕೈಪಿಡಿಗಳನ್ನು ತಂದಿದ್ದ. ಪ್ರವಾಸಿ ಬಾಡಿಗೆ ಮಾರ್ಗದರ್ಶಿಯ ಹಿಡಿತದಿಂದ ಬಿಡುಗಡೆಯಾಗಬೇಕು, ತನ್ನ ಕಾಲ ಮೇಲೆ ನಿಂತು ನೋಡಬೇಕು ಎಂಬುದನ್ನು ಬೇಡೆಕರ್ ತನ್ನ ಗುರಿಯೆಂದೇ ಸಾರಿಕೊಂಡಿದ್ದ. ನಕ್ಷೆ, ದರ, ಹೊತ್ತು, ನಡೆಯುವ ದಾರಿ ಎಲ್ಲವೂ ಅಂಗೈಯಗಲದ ಕೆಂಪು ಪುಸ್ತಕದಲ್ಲಿ. ನೋಡಲೇಬೇಕಾದ ಜಾಗಕ್ಕೆ ನಕ್ಷತ್ರದ ಗುರುತು. ಮಿಲಾನ್ ಚರ್ಚಿನ ಮೆಟ್ಟಿಲು ಹತ್ತುವಾಗ ಎಣಿಕೆ ತಪ್ಪದಿರಲೆಂದು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಬಟಾಣಿ ಕಾಳು ದಾಟಿಸುತ್ತಿದ್ದನೆಂಬ ಕತೆ ಅವನ ಬಗ್ಗೆ ಇದೆ. ಅದೇ ಕಾಲದಲ್ಲಿ, 1841ರಲ್ಲಿ, ಥಾಮಸ್ ಕುಕ್ ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ನೂರಾರು ಜನರನ್ನು ಒಟ್ಟಿಗೆ ಕರೆದೊಯ್ದು ಗುಂಪು ಪ್ರವಾಸಕ್ಕೆ ಚಾಲನೆ ಕೊಟ್ಟ. ಅಲ್ಲಿಂದ ಪ್ರವಾಸಕ್ಕೆ ಎರಡು ದಾರಿಗಳಾದವು. ಒಂದು ಬಾವುಟ ಹಿಡಿದವನ ಹಿಂದೆ, ಇನ್ನೊಂದು ಪುಸ್ತಕ ಹಿಡಿದು ಒಬ್ಬರೇ.

ಆ ನಕ್ಷತ್ರಗಳಿಗೆ ಕರಾಳವಾದ ಇನ್ನೊಂದು ಅಧ್ಯಾಯವೂ ಇದೆ. 1942ರ ಮಾರ್ಚಿನಲ್ಲಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಹಳೆಯ ಪಟ್ಟಣ ಲ್ಯೂಬೆಕ್ ಅನ್ನು ಸುಟ್ಟವು. ಸೇಡಿಗೆಂದು ಜರ್ಮನಿ ಎಕ್ಸಿಟರ್, ಬಾತ್, ನಾರ್ವಿಚ್, ಯಾರ್ಕ್, ಕ್ಯಾಂಟರ್‌ಬರಿಗಳ ಮೇಲೆ ಬಾಂಬು ಹಾಕಿತು. ಬೇಡೆಕರ್ ಪುಸ್ತಕದಲ್ಲಿ ನಕ್ಷತ್ರವಿರುವ ಕಟ್ಟಡಗಳನ್ನೆಲ್ಲ ಉರುಳಿಸುತ್ತೇವೆಂದು ಅಲ್ಲಿನ ವಕ್ತಾರನೊಬ್ಬ ಬಾಯಿಬಿಟ್ಟ. ಆ ದಾಳಿಗಳಿಗೆ ಬೇಡೆಕರ್ ದಾಳಿಗಳೆಂದೇ ಹೆಸರು ನಿಂತಿತು. ಮರುವರ್ಷ ಡಿಸೆಂಬರಿನಲ್ಲಿ ಬ್ರಿಟಿಷರ ಬಾಂಬುಗಳು ಲೈಪ್‌ಜಿಗ್‌ನಲ್ಲಿದ್ದ ಬೇಡೆಕರ್ ಕಂಪನಿಯ ಕಟ್ಟಡವನ್ನೇ ಸುಟ್ಟುಹಾಕಿದವು.

ಒಬ್ಬಳೇ ಏಕೆ ನಡೆಯುತ್ತಿದ್ದೀಯೆ?

ದೀಪ, ಕಲ್ಲುಹಾಸು, ನಂಬರು, ಪುಸ್ತಕ ಎಲ್ಲವೂ ಬಂದ ಮೇಲೂ ಊರಿನ ಅರ್ಧ ಜನಕ್ಕೆ ಬೀದಿ ಮುಚ್ಚಿಯೇ ಇತ್ತು. ಹೆಂಗಸು ಒಬ್ಬಳೇ ನಿಧಾನವಾಗಿ, ಯಾವ ಕೆಲಸವೂ ಇಲ್ಲದೆ ನಡೆದರೆ ಅದಕ್ಕೆ ಒಂದೇ ಅರ್ಥ ಕಟ್ಟುತ್ತಿದ್ದರು.

ಮುಂದೆ ಜಾರ್ಜ್ ಸ್ಯಾಂಡ್ ಎಂಬ ಗಂಡಸಿನ ಹೆಸರಿನಲ್ಲಿ ಪ್ರಸಿದ್ಧಳಾದ ಲೇಖಕಿ 1831ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ಹೆಂಗಸರ ತೆಳು ಪಾದರಕ್ಷೆ ಆ ಊರಿನ ಕಲ್ಲಿಗೆ ಎರಡು ದಿನವೂ ಬಾಳುತ್ತಿರಲಿಲ್ಲ, ಉದ್ದ ಲಂಗ ಕೆಸರಲ್ಲಿ ಎಳೆದಾಡುತ್ತಿತ್ತು. ಅವಳು ಗಂಡಸರ ಉದ್ದ ಕೋಟು, ಪ್ಯಾಂಟು, ಟೋಪಿ ಹೊಲಿಸಿಕೊಂಡಳು, ಹಿಮ್ಮಡಿಗೆ ಕಬ್ಬಿಣ ಬಡಿದ ಬೂಟು ಹಾಕಿಕೊಂಡಳು. ಆ ಬೂಟಿನಲ್ಲಿ ಊರನ್ನು ಈ ತುದಿಯಿಂದ ಆ ತುದಿಗೆ, ಯಾವ ಹೊತ್ತಿನಲ್ಲೂ, ಯಾವ ಹವೆಯಲ್ಲೂ ಸುತ್ತಿದೆ, ಯಾರೂ ತನ್ನತ್ತ ನೋಡಲಿಲ್ಲ ಎಂದು ಆತ್ಮಕಥೆಯಲ್ಲಿ ಸಂಭ್ರಮದಿಂದ ನೆನೆದಿದ್ದಾಳೆ. ಯಾರೂ ನೋಡದಿರುವುದೇ ಅವಳಿಗೆ ಸಿಕ್ಕ ಸ್ವಾತಂತ್ರ್ಯ. ಇದರಲ್ಲಿ ಕಾನೂನಿನ ಭಯವೂ ಇತ್ತು. ಪ್ಯಾರಿಸ್ಸಿನ ಪೊಲೀಸರು 1800ರಲ್ಲಿ ಹೊರಡಿಸಿದ ಆದೇಶದಂತೆ ಗಂಡುಡುಗೆ ತೊಡುವ ಹೆಂಗಸು ಮೊದಲು ಅನುಮತಿ ಪಡೆಯಬೇಕಿತ್ತು. ಎಂದೋ ಮೂಲೆಗೆ ಸರಿದಿದ್ದ ಆ ಆದೇಶಕ್ಕೆ ಈಗ ಯಾವ ಬೆಲೆಯೂ ಇಲ್ಲವೆಂದು ಫ್ರೆಂಚ್ ಸರ್ಕಾರ ಅಧಿಕೃತವಾಗಿ ಹೇಳಿದ್ದು 2013ರಲ್ಲಿ.

ಲಂಡನ್ನಿನಲ್ಲಿ 1887ರ ಜೂನ್ 28ರ ರಾತ್ರಿ ನಡೆದದ್ದು ಇನ್ನೂ ಕಟುವಾದ ಸಂಗತಿ. ಹೊಲಿಗೆ ಕೆಲಸದ ಎಲಿಜಬೆತ್ ಕ್ಯಾಸ್ ಎಂಬ ಯುವತಿ ರೀಜೆಂಟ್ ಸ್ಟ್ರೀಟಿನಲ್ಲಿ ಒಬ್ಬಳೇ ಹೋಗುತ್ತಿದ್ದಳು. ಅವಳು ಲಂಡನ್ನಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಕಾನ್‌ಸ್ಟೇಬಲ್ ಒಬ್ಬ ಅವಳನ್ನು ವೇಶ್ಯೆಯೆಂದು ಹಿಡಿದ. ಕೆಲಸ ಕೊಟ್ಟಿದ್ದ ಹೆಂಗಸು ಕೋರ್ಟಿಗೆ ಬಂದು ಅವಳ ನಡತೆಯ ಬಗ್ಗೆ ಸಾಕ್ಷಿ ಹೇಳಿದಳು. ಮ್ಯಾಜಿಸ್ಟ್ರೇಟ್ ಬಿಟ್ಟುಬಿಟ್ಟ. ಆದರೆ ಮರ್ಯಾದಸ್ಥ ಹುಡುಗಿಯಾದರೆ ರಾತ್ರಿ ಆ ಬೀದಿಯಲ್ಲಿ ನಡೆಯಬೇಡ ಎಂದು ಬುದ್ಧಿ ಹೇಳಿ ಬಿಟ್ಟ. ಸುದ್ದಿ ಪತ್ರಿಕೆಗಳಿಗೆ ಹೋಯಿತು, ಪತ್ರಿಕೆಗಳಿಂದ ಸಂಸತ್ತಿಗೆ. ಅಲ್ಲಿ ಗೃಹಮಂತ್ರಿಯ ಉಡಾಫೆಯ ಉತ್ತರಕ್ಕೆ ಸದಸ್ಯರು ಕೆರಳಿ, ಮತಕ್ಕೆ ಹಾಕಿದಾಗ ಸರ್ಕಾರವೇ ಸೋತಿತು. ಕಾನ್‌ಸ್ಟೇಬಲ್ ಮೇಲೆ ಸುಳ್ಳು ಸಾಕ್ಷಿಯ ಮೊಕದ್ದಮೆ ನಡೆದು ಅವನು ಖುಲಾಸೆಯಾದ. ಆದರೂ ಒಂದು ಪ್ರಶ್ನೆ ಊರಿನ ಬಾಯಲ್ಲಿ ಉಳಿಯಿತು. ದುಡಿದು ತಿನ್ನುವ ಹೆಂಗಸಿಗೆ ದೀಪ ಹಚ್ಚಿದ ಬೀದಿಯಲ್ಲಿ ನಡೆಯುವ ಹಕ್ಕಿದೆಯೋ ಇಲ್ಲವೋ?

ಇದಕ್ಕೆ ಉತ್ತರ ಒಂದೇ ತೀರ್ಪಿನಲ್ಲಿ ಬರಲಿಲ್ಲ, ಸಣ್ಣ ಸಣ್ಣ ಅನುಕೂಲಗಳಾಗಿ ಬಂತು. ಏರೇಟೆಡ್ ಬ್ರೆಡ್ ಕಂಪನಿ 1864ರಲ್ಲಿ, ಲಯನ್ಸ್ ಕಂಪನಿ 1894ರಲ್ಲಿ ಲಂಡನ್ನಿನಲ್ಲಿ ಚಹಾದಂಗಡಿಗಳನ್ನು ಶುರುಮಾಡಿದವು. ಹೆಂಗಸು ಒಬ್ಬಳೇ ಹೋಗಿ, ಯಾರ ಕೆಕ್ಕರುಗಣ್ಣಿಗೂ ಗುರಿಯಾಗದೆ ಕುಳಿತು ಚಹಾ ಕುಡಿಯಬಹುದಾದ ಜಾಗಗಳವು. ಸಾರ್ವಜನಿಕ ಶೌಚಾಲಯಗಳು ಬಹುಪಾಲು ಗಂಡಸರಿಗೇ ಇದ್ದ ಕಾಲದಲ್ಲಿ ನಾಟಕಕಾರ ಬರ್ನಾರ್ಡ್ ಶಾ ತನ್ನ ಬಡಾವಣೆಯ ಸ್ಥಳೀಯ ಸಂಸ್ಥೆಯ ಸದಸ್ಯನಾಗಿ ಹೆಂಗಸರಿಗೊಂದು ಶೌಚಾಲಯ ಕಟ್ಟಿಸಲು ವರ್ಷಗಟ್ಟಲೆ ವಾದಿಸಬೇಕಾಯಿತು. ಮರ್ಯಾದೆ ಹೋಗುತ್ತದೆಂಬ ವಿರೋಧ ಅಷ್ಟಿತ್ತು. ಊರನ್ನು ದಿನವಿಡೀ ನಡೆದು ನೋಡುವ ಹಕ್ಕು ಕೊನೆಗೆ ಇಂಥ ಜಾಗಗಳ ಮೇಲೆ ನಿಂತಿರುತ್ತದೆ.

ಕ್ಯಾಸ್ ಪ್ರಕರಣದ ಮರುವರ್ಷ ಮುಂಬೈಯಿಂದ ಹಡಗು ಹತ್ತಿದ ಇನ್ನೊಬ್ಬ ಅಪರಿಚಿತ ಲಂಡನ್ನಿನ ಬೀದಿಗಿಳಿದ. ಕಾನೂನು ಓದಲು ಬಂದ ಮೋಹನದಾಸ ಗಾಂಧಿ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಸಸ್ಯಾಹಾರದ ಹೋಟೆಲು ಹುಡುಕುತ್ತ ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದು, ಕೊನೆಗೊಂದು ದಿನ ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ಅಂಥದ್ದೊಂದನ್ನು ಕಂಡರು. ಆಮೇಲೆ ಖರ್ಚು ಕಡಿಮೆ ಮಾಡಲು, ಕೆಲಸವಿರುವ ಕಡೆಗೆ ಅರ್ಧ ಗಂಟೆಯಲ್ಲಿ ನಡೆದು ತಲುಪುವಂತೆ ಕೋಣೆ ಬದಲಿಸಿ, ಗಾಡಿ ಬಿಟ್ಟು ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ಇಂಗ್ಲೆಂಡಿನಲ್ಲಿ ತನ್ನ ಆರೋಗ್ಯ ಕಾಪಾಡಿದ್ದು ಈ ನಡಿಗೆಯ ಅಭ್ಯಾಸವೇ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಶನಿವಾರ ಹುಟ್ಟಿದ್ದು, ಕಾರು ಹಿಂದೆ ಸರಿದದ್ದು

ನಡೆಯಲು ಹಕ್ಕಿದ್ದರೆ ಸಾಲದು, ಬಿಡುವೂ ಬೇಕು. ಬಡವರಿಗೆ ರೂಸೋನ ಕಾಲದಂತೆ ಬಹುಕಾಲ ಭಾನುವಾರ ಒಂದೇ ಇತ್ತು. ಬ್ರಿಟನ್ನಿನ 1850ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಮತ್ತು ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿತು. ಅರ್ಧ ಶನಿವಾರ ಪೂರ್ತಿ ಶನಿವಾರವಾಗಲು ಇನ್ನೂ ಹಲವು ದಶಕಗಳ ಕಾರ್ಮಿಕ ಹೋರಾಟ ಬೇಕಾಯಿತು. ಫ್ರಾನ್ಸಿನಲ್ಲಿ 1936ರ ಮುಷ್ಕರಗಳ ಬಳಿಕ ವಾರಕ್ಕೆ 40 ಗಂಟೆಯ ಕೆಲಸ ಮತ್ತು ವರ್ಷಕ್ಕೆ ಎರಡು ವಾರದ ಸಂಬಳಸಹಿತ ರಜೆ ಕಾನೂನಾಯಿತು.

ಬಿಡುವು ಸಿಗುವ ಹೊತ್ತಿಗೆ ಬೀದಿಯನ್ನು ಕಾರು ಹಿಡಿದಿತ್ತು. ಸಾರೋಟಿನ ಕಾಲದ ಹಳೆಯ ಜಗಳ ಮತ್ತೆ ಶುರು. ಕೋಪನ್‌ಹೇಗನ್ನಿನ ನಡುವಿನ ಕಿರಿದಾದ ವ್ಯಾಪಾರದ ಬೀದಿಸಾಲು ಸ್ಟ್ರೋಯೆಟ್‌ನಲ್ಲಿ 1962ರ ನವೆಂಬರ್ 17ರಂದು ಪ್ರಯೋಗವೆಂದು ಕಾರು ನಿಲ್ಲಿಸಿದರು. ಅಂಗಡಿಯವರು ಎದ್ದು ಕೂತರು. ವ್ಯಾಪಾರ ಮುಳುಗುತ್ತದೆ, ಬೀದಿಯಲ್ಲಿ ಅಡ್ಡಾಡಲು ಇದೇನು ಇಟಲಿಯೇ, ಈ ಚಳಿಯಲ್ಲಿ ಯಾರು ಹೊರಗೆ ಬರುತ್ತಾರೆ ಎಂದರು. ಜನ ಬಂದರು. ಎರಡು ವರ್ಷದಲ್ಲಿ ಅದು ಕಾಯಂ ಆಯಿತು. ಒಂದು ಕಿಲೋಮೀಟರಿಗೂ ಉದ್ದದ ಆ ಬೀದಿಸಾಲನ್ನು ನೋಡಿ ಯಾನ್ ಗೇಲ್ ಎಂಬ ವಾಸ್ತುಶಿಲ್ಪಿ ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಎಷ್ಟು ನಡೆಯುತ್ತಾರೆ ಎಂದು ಎಣಿಸತೊಡಗಿದ. ನಡೆಯುವವರಿಗಾಗಿಯೇ ಊರು ಯೋಚಿಸಿದ ಅಪರೂಪದ ಸಂದರ್ಭಗಳಲ್ಲಿ ಇದೊಂದು.

ಮತ್ತೆ ಬಾಗಿಲು

ಕೊನೆಯ ಎರಡು ತಡೆಗಳು ಗಡಿ ಮತ್ತು ದೂರ. ಮೊಸೆಲ್ ನದಿಯ ದೋಣಿಯೊಂದರಲ್ಲಿ 1985ರ ಜೂನ್ 14ರಂದು ಐದು ದೇಶಗಳು ಸಹಿ ಹಾಕಿದ ಷೆಂಗೆನ್ ಒಪ್ಪಂದ 1995ರಲ್ಲಿ ಜಾರಿಯಾಗಿ ಗಡಿಯ ತಪಾಸಣೆ ತೆಗೆದುಹಾಕಿತು. ಐರೋಪ್ಯ ಒಕ್ಕೂಟ 1993ರಿಂದ 1997ರ ನಡುವೆ ವಿಮಾನ ಮಾರ್ಗಗಳನ್ನು ಎಲ್ಲ ಕಂಪನಿಗಳಿಗೂ ಮುಕ್ತ ಮಾಡಿದ್ದರಿಂದ ಅಗ್ಗದ ಟಿಕೆಟ್ಟು ಬಂತು. ಎರಡು ದಿನದ ಪ್ರವಾಸಕ್ಕೆ ವಿಮಾನ ಹತ್ತುವುದು ದುಂದು ಎನಿಸದಂತಾಯಿತು.

ಆದರೆ ಗಡಿ ಎಲ್ಲರಿಗೂ ಒಂದೇ ರೀತಿ ಅಳಿಸಿಲ್ಲ. ಭಾರತದ ಪಾಸ್‌ಪೋರ್ಟ್ ಹಿಡಿದು ಹೋಗುವವರು ವೀಸಾಕ್ಕೆ ಉಳಿಯುವ ಜಾಗದ ದಾಖಲೆ, ಹಿಂದಿರುಗುತ್ತಾರೆಂಬುದಕ್ಕೆ ಆಧಾರ, ಖರ್ಚಿಗೆ ಹಣವಿದೆಯೆಂಬ ಪುರಾವೆ, 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಎಲ್ಲವನ್ನೂ ಮೊದಲೇ ಒದಗಿಸಬೇಕು. ಹೊರಗಿನವನಿಗೆ ಯಾರಾದರೂ ಹೊಣೆಯಾಗಬೇಕೆಂದ 1285ರ ಶಾಸನ ಅಷ್ಟೇನೂ ಹಳೆಯದಲ್ಲ ಎನಿಸುವುದು ಆ ಅರ್ಜಿ ತುಂಬುವಾಗ.

ಈಗ ಊರುಗಳ ಅನುಮಾನವೂ ಹೊಸ ರೂಪದಲ್ಲಿ ಮರಳಿದೆ, ಈ ಸಲ ಅದಕ್ಕೆ ನ್ಯಾಯವಾದ ಕಾರಣವೂ ಇದೆ. ಒಬ್ಬೊಬ್ಬರೇ ಬಂದವರು ಸೇರಿ ಗುಂಪಾಗುತ್ತಾರೆ. ವೆನಿಸ್‌ನ ಹಳೆಯ ಊರಿನಲ್ಲಿ 1950ರ ದಶಕದ ಆರಂಭದಲ್ಲಿ ಸುಮಾರು 1,75,000 ಜನ ವಾಸವಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಇದಕ್ಕೆ ಪ್ರವಾಸಿಗಳೊಬ್ಬರೇ ಕಾರಣರಲ್ಲ. ದುಡಿಮೆ ಹುಡುಕಿ, ನೆರೆಗೆ ಬೇಸತ್ತು, ಆಚೆ ದಡದ ಹೊಸ ಬಡಾವಣೆಗಳಿಗೆ ಹೋದವರೂ ಬಹಳ. ಆದರೆ ಖಾಲಿಯಾದ ಮನೆಗಳು ಎರಡು ರಾತ್ರಿಯ ಅತಿಥಿಗಳಿಗೆ ಬಾಡಿಗೆಗೆ ಹೋದ ಮೇಲೆ ಮರಳಿ ಬರಬೇಕೆಂದವರಿಗೆ ಜಾಗವಿಲ್ಲ. 2024ರ ಏಪ್ರಿಲ್ 25ರಿಂದ, ಗೊತ್ತುಮಾಡಿದ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರು 5 ಯೂರೋ ಕೊಟ್ಟು ಒಳಗೆ ಬರಬೇಕೆಂದು ವೆನಿಸ್ ನಿಯಮ ಮಾಡಿತು. ಗೋಡೆಯೇ ಇಲ್ಲದ ಊರಿಗೆ ಹೀಗೊಂದು ಅಗಸೆ ಬಾಗಿಲು ಬಂತು. ಅದಕ್ಕೆ ಬೀಗವಿಲ್ಲ, ಟಿಕೆಟ್ಟಿದೆ.

ಟಿಕೆಟ್ಟು ಜನರನ್ನು ತಡೆಯುವುದೇ ಅನುಮಾನ. ಅಲ್ಲಿ ಉಳಿದವರು ಕೇಳುತ್ತಿರುವುದು ಟಿಕೆಟ್ಟಿನ ಹಣವನ್ನಲ್ಲ. ದಿನಸಿ ಅಂಗಡಿ, ಶಾಲೆ, ಕೈಗೆಟುಕುವ ಬಾಡಿಗೆಯ ಮನೆ ಇವುಗಳನ್ನು ಕೇಳುತ್ತಿದ್ದಾರೆ. ಒಂಟಿಯಾಗಿ ನಡೆಯುವವರಿಗೆ ಊರು ಊರಾಗಿ ಕಾಣುವುದು ಸಂಜೆ ಕಿಟಕಿಗಳಲ್ಲಿ ದೀಪ ಹತ್ತಿಕೊಂಡಾಗ, ಮಕ್ಕಳು ಬೀದಿಯಲ್ಲಿ ಚೆಂಡಾಡುವಾಗ, ಅಂಗಡಿಯವನು ಬಾಗಿಲೆಳೆಯುತ್ತ ಎದುರುಮನೆಯವಳ ಜೊತೆ ಮಾತಾಡುವಾಗ. ಬೀದಿದೀಪಕ್ಕೆ ತೆರಿಗೆ ಕಟ್ಟಿದವರು, ಕಲ್ಲು ಹಾಸಿದವರು, ಕಾರು ಬೇಡವೆಂದವರು ಅಲ್ಲಿ ವಾಸವಿದ್ದವರೇ. ಅವರು ಹೋದರೆ ಉಳಿಯುವುದು ಒಳ್ಳೆಯ ಕಲ್ಲುಹಾಸು ಮಾತ್ರ.

ವೆನಿಸ್‌ನ ರಿಯಾಲ್ಟೊ ಸೇತುವೆಯ ಬಳಿ, ಸಾನ್ ಬಾರ್ತಲೊಮಿಯೊ ಚೌಕದ ಔಷಧದ ಅಂಗಡಿಯೊಂದರ ಕಿಟಕಿಯಲ್ಲಿ 2008ರಿಂದ ಒಂದು ಸಣ್ಣ ಎಲೆಕ್ಟ್ರಾನಿಕ್ ಫಲಕವಿದೆ. ಅದು ಹೊತ್ತನ್ನಾಗಲಿ ಚಳಿಯನ್ನಾಗಲಿ ತೋರಿಸುವುದಿಲ್ಲ. ಹಳೆಯ ವೆನಿಸ್‌ನಲ್ಲಿ ಈಗ ಎಷ್ಟು ಜನ ವಾಸವಿದ್ದಾರೆ ಎಂಬುದಷ್ಟೇ ಅದರಲ್ಲಿರುವುದು. ಊರಿನವರು ಪ್ರತಿಭಟನೆಗೆಂದು ಇಡಿಸಿದ ಫಲಕ ಅದು. ದಿನವೂ ಸಾವಿರಾರು ಜನ ಅದರ ಮುಂದೆ ನಡೆದುಹೋಗುತ್ತಾರೆ. ಅವಸರವಿಲ್ಲದೆ, ಒಬ್ಬರೇ ನಡೆಯುವವರಿಗೆ ಅಲ್ಲಿ ನಿಂತು ಆ ಅಂಕಿಯನ್ನು ಓದುವಷ್ಟು ಬಿಡುವು ಇರುತ್ತದೆ.